ಹೆಪ್ಪುಗಟ್ಟಿದ ಧ್ರುವ ಸರೋವರದ ಮೇಲೆ ಗಾಳಿ ತಂದ ಧೂಳು: ಅಳೆಯುವುದು ಹೇಗೆ, ಲೆಕ್ಕ ಹಿಡಿಯುವುದು ಹೇಗೆ

ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಒಣಕಣಿವೆಗಳಲ್ಲಿ ಒಂದಾದ ಟೇಲರ್ ಕಣಿವೆಯಲ್ಲಿ ಬಾನಿ, ಹೋರ್, ಫ್ರಿಕ್ಸೆಲ್ ಎಂಬ ಮೂರು ದೊಡ್ಡ ಸರೋವರಗಳಿವೆ. ಅವುಗಳ ಮೇಲೆ ಹೆಚ್ಚುಕಡಿಮೆ 3ರಿಂದ 5 ಮೀಟರ್ ದಪ್ಪದ ಮಂಜುಗಡ್ಡೆ ವರ್ಷವಿಡೀ ಇರುತ್ತದೆ. ಬೇಸಿಗೆಯಲ್ಲಿ ಕರಗುವುದು ದಡದಂಚಿನ ಸಣ್ಣ ಪಟ್ಟಿ ಮಾತ್ರ. ಸುತ್ತಲಿನ ನೆಲ ಬೋಳು, ಹಿಮ ತೀರ ಕಡಿಮೆ, ಗಾಳಿ ಜೋರು. ಹೀಗಾಗಿ ಕಣಿವೆಯ ಮರಳು, ಧೂಳು ಮಂಜಿನ ಮೇಲೆ ಬಂದು ಬೀಳುತ್ತಲೇ ಇರುತ್ತದೆ. ಅದನ್ನು ಅಳೆಯುವ ಕ್ರಮವನ್ನು ಇಲ್ಲಿ ಈ ಕಣಿವೆಯನ್ನೇ ಮಾದರಿಯಾಗಿಟ್ಟುಕೊಂಡು ಬರೆದಿದ್ದೇವೆ.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಎಷ್ಟು ಧೂಳು ಬಿತ್ತು ಎಂಬುದೊಂದೇ ತಿಳಿದರೆ ಏನೂ ತಿಳಿದಂತಲ್ಲ. ಅದು ಎಷ್ಟು ದಪ್ಪಕ್ಕೆ ಹರಡಿದೆ, ಮಂಜಿನೊಳಗೆ ಎಷ್ಟು ಆಳದಲ್ಲಿದೆ, ಯಾವ ತಿಂಗಳಲ್ಲಿ ಅಲ್ಲಿದೆ ಎಂಬ ಮೂರು ಸಂಗತಿಗಳು ಸೇರಿಯೇ ಪರಿಣಾಮವನ್ನು ತೀರ್ಮಾನಿಸುತ್ತವೆ. ಅದೇ ಮರಳು ಒಂದು ಕಡೆ ಮಂಜನ್ನು ಕರಗಿಸುತ್ತದೆ, ಇನ್ನೊಂದು ಕಡೆ ಕರಗದಂತೆ ಕಾಯುತ್ತದೆ.

ಒಂದು ಮರಳಿನ ಕಣಕ್ಕೆ ಏನಾಗುತ್ತದೆ

ಗಾಢ ಬಣ್ಣದ ಕಣ ಬಿಸಿಲನ್ನು ಹೀರಿ, ತನ್ನ ಅಡಿಯ ಮಂಜನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಆಳಕ್ಕೆ ಹೋದಂತೆ ತಲುಪುವ ಬೆಳಕು ಕಡಿಮೆಯಾಗುತ್ತದೆ, ಇಳಿಯುವ ವೇಗವೂ ತಗ್ಗುತ್ತದೆ. ಇತ್ತ ಮಂಜಿನ ಹೊದಿಕೆಯೇ ವರ್ಷ ವರ್ಷ ಮೇಲಕ್ಕೆ ಸರಿಯುತ್ತಿರುತ್ತದೆ: ಮೇಲ್ಮೈಯಲ್ಲಿ ಮಂಜು ನೇರವಾಗಿ ಆವಿಯಾಗಿ, ಅಲ್ಪಸ್ವಲ್ಪ ಕರಗಿ ಸವೆಯುತ್ತದೆ, ಸವೆದಷ್ಟೇ ಹೊಸ ಮಂಜು ತಳದಲ್ಲಿ ಕಟ್ಟುತ್ತದೆ. ಈ ಸವೆತ ವರ್ಷಕ್ಕೆ 30 ಸೆಂ.ಮೀ ಅಥವಾ ಅದಕ್ಕೂ ಹೆಚ್ಚು. ಕಣದ ಇಳಿತ, ಮಂಜಿನ ಏರಿಕೆ ಎರಡೂ ಸರಿತೂಗುವ ಜಾಗ ಸುಮಾರು 2 ಮೀಟರ್ ಆಳ. ಹಾಗಾಗಿ ಕೋರ್ (ಬೈರಿಗೆಯಿಂದ ಕೊರೆದು ತೆಗೆಯುವ ಮಂಜಿನ ಉದ್ದನೆಯ ಉರುಳೆ) ತೆಗೆದಾಗ ಆ ಆಸುಪಾಸಿನಲ್ಲಿ ಮರಳಿನ ಪದರ ಸಿಗುತ್ತದೆ. ಬೇಸಿಗೆಯಲ್ಲಿ ಆ ಪದರದ ಸುತ್ತ ದ್ರವರೂಪದ ನೀರು ನಿಲ್ಲುತ್ತದೆ. ವರ್ಷಕ್ಕೆ ಸುಮಾರು 150 ದಿನ ಹೀಗೆ ನೀರಿರುತ್ತದೆಂದೂ ಅದರಲ್ಲಿ ಸಯನೋಬ್ಯಾಕ್ಟೀರಿಯಾಗಳು ಬದುಕಿ ದ್ಯುತಿಸಂಶ್ಲೇಷಣೆ ನಡೆಸುತ್ತವೆಂದೂ 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸುತ್ತ ನೀರು ತೀರ ವಿರಳವಾದ ಮರುಭೂಮಿಯಲ್ಲಿ ಮಂಜಿನ ಹೊಟ್ಟೆಯೊಳಗೆ ಜೀವಕ್ಕೆ ನೀರು ಒದಗಿಸುವುದು ಈ ಧೂಳೇ. ಇದನ್ನು ಕಸವೆಂದು ನೋಡದೆ ಎಚ್ಚರದಿಂದ ಅಳೆಯಬೇಕೆನ್ನುವುದು ಇದಕ್ಕಾಗಿ.

ಮರಳು ತೆಳುವಾಗಿ ಚದುರಿದ್ದರೆ ಈ ಕಥೆ. ಕೆಲವು ಸೆಂ.ಮೀ ದಪ್ಪ ಗುಡ್ಡೆಯಾದರೆ ತಿರುಗುಮುರುಗು: ಮೇಲಿನ ಕಣಗಳು ಕಾಯ್ದರೂ ಆ ಶಾಖ ಅಡಿಯ ಮಂಜಿಗೆ ತಲುಪದೆ ಗಾಳಿಗೆ ಹೋಗುತ್ತದೆ, ಗುಡ್ಡೆಯ ಅಡಿಯ ಮಂಜು ಉಳಿದು ಸುತ್ತಲಿನದು ಸವೆಯುತ್ತದೆ. ದೊಡ್ಡ ಬಂಡೆಗಳೂ ಇದೇ ಕಾರಣಕ್ಕೆ ಮೇಲೆಯೇ ಉಳಿಯುತ್ತವೆ. ಹಿಮನದಿಗಳ ಮೇಲೆ ದಪ್ಪಕ್ಕೆ ಇಂಥ ಗಡಿಯಿದೆ ಎಂದು ನಾರ್ವೆಯ ಗುನ್ನಾರ್ ಓಸ್ಟ್ರೆಮ್ 1959ರಲ್ಲಿ ತೋರಿಸಿದರು; ಅದು ಸಾಮಾನ್ಯವಾಗಿ ಕೆಲವೇ ಸೆಂ.ಮೀ ಒಳಗಿರುತ್ತದೆ. ಆ ಅಂಕಿಯನ್ನು ಸರೋವರಕ್ಕೆ ಹಾಗೇ ಎತ್ತಿಕೊಳ್ಳಬೇಡಿ; ನಿಮ್ಮ ಜಾಗದಲ್ಲಿ ಗಡಿ ಎಲ್ಲಿದೆ ಎಂದು ಸ್ಕೇಲು ಹಿಡಿದು ನೋಡಿ.

ಹೊರಡುವ ಮುನ್ನ

ಟೇಲರ್ ಕಣಿವೆ ಅಂಟಾರ್ಕ್ಟಿಕ ವಿಶೇಷ ನಿರ್ವಹಣಾ ಪ್ರದೇಶ ಸಂಖ್ಯೆ 2ರೊಳಗೆ ಬರುತ್ತದೆ. ಫ್ರಿಕ್ಸೆಲ್ ಪಕ್ಕದ ಕೆನಡಾ ಹಿಮನದಿಯ ಅಂಚು ಸಂರಕ್ಷಿತ ಪ್ರದೇಶ ಸಂಖ್ಯೆ 131. ಅಲ್ಲಿಗೆ ಪ್ರತ್ಯೇಕ ಪರವಾನಗಿ ಇಲ್ಲದೆ ಕಾಲಿಡುವಂತಿಲ್ಲ. ಭಾರತದ ತಂಡದೊಂದಿಗೆ ಹೋಗುವವರಿಗೆ 2022ರ ಭಾರತೀಯ ಅಂಟಾರ್ಕ್ಟಿಕ ಕಾಯ್ದೆಯೂ ಅನ್ವಯಿಸುತ್ತದೆ. ಸರೋವರದ ಮೇಲೆ ಕೆಲಸ ಮಾಡುವಾಗ ಪಾತ್ರೆ ತೊಳೆದ ನೀರು, ಮೂತ್ರ, ಸೋಸಿ ಉಳಿದ ನೀರು ಎಲ್ಲವನ್ನೂ ಡಬ್ಬಿಯಲ್ಲಿ ತುಂಬಿ ವಾಪಸ್ ತರಬೇಕು. ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುವಾಗ ಬೈರಿಗೆ, ಹಗ್ಗ, ಸೆನ್ಸರ್ ಎಲ್ಲವನ್ನೂ ತೊಳೆದು ಒಣಗಿಸಿ. ಒಂದರ ಸೂಕ್ಷ್ಮಜೀವಿ ಇನ್ನೊಂದಕ್ಕೆ ಹೋದರೆ ಅದನ್ನು ಮರಳಿ ತರುವ ದಾರಿ ಯಾವುದೂ ಇಲ್ಲ.

ಕಾಲದ ಆಯ್ಕೆಯಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಕೋರ್ ತೆಗೆಯಲು ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗಿನ ದಿನಗಳು ಸರಿ. ಆಗ ಒಳಗಿನ ಪದರ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ, ಧೂಳು ತಾನಿದ್ದಲ್ಲೇ ಇರುತ್ತದೆ. ಅಲ್ಲಿನ ಬೇಸಿಗೆಯಾದ ಡಿಸೆಂಬರ್, ಜನವರಿಯಲ್ಲಿ ತೆಗೆದರೆ ಕೋರ್ ಮೇಲೆತ್ತುವಷ್ಟರಲ್ಲೇ ಪದರದ ನೀರು ಸೋರಿ, ನುಣುಪಾದ ಕಣಗಳನ್ನೂ ಜೊತೆಗೆ ಒಯ್ಯುತ್ತದೆ. ದಪ್ಪ ಮರಳಷ್ಟೇ ನಿಮ್ಮ ಕೈಗೆ ಸಿಗುತ್ತದೆ. ಬೆಳಕಿನ ಅಳತೆ ಮಾತ್ರ ಡಿಸೆಂಬರ್, ಜನವರಿಯಲ್ಲೇ ಆಗಬೇಕು.

ಜಾಗ ಗುರುತಿಸುವುದು

ಬೇಸಿಗೆಯಲ್ಲಿ ಸಮುದ್ರದ ಕಡೆಯಿಂದ ಪೂರ್ವದ ಗಾಳಿ ಮೆಲ್ಲಗೆ ಬೀಸುತ್ತದೆ. ಚಳಿಗಾಲದಲ್ಲಿ ಪಶ್ಚಿಮದ ಹಿಮಪ್ರಸ್ಥಭೂಮಿಯ ಕಡೆಯಿಂದ ಕಣಿವೆಗೆ ಇಳಿಯುತ್ತ ಬೆಚ್ಚಗಾಗುವ ಫೋನ್ (föhn) ಎಂಬ ಗಾಳಿ ಜೋರಾಗಿ ನುಗ್ಗುತ್ತದೆ. ಮರಳಿನ ಬಹುಪಾಲು ಸಾಗಾಟ ನಡೆಯುವುದು ಇಂಥ ಕೆಲವೇ ಬಿರುಗಾಳಿಗಳಲ್ಲಿ. ಅಂದರೆ ಬೇಸಿಗೆಯ ಆರು ವಾರ ಕೂತು ಅಳೆದವರು ಮುಖ್ಯ ಘಟನೆಯನ್ನೇ ನೋಡಿರುವುದಿಲ್ಲ. ಧೂಳು ಹಿಡಿಯುವ ಬೋನುಗಳನ್ನು ಇಡೀ ವರ್ಷ ಬಿಡಲೇಬೇಕು.

ಸರೋವರದ ಉದ್ದಕ್ಕೆ, ಗಾಳಿಯ ದಿಕ್ಕಿಗೆ ಸರಿಯಾಗಿ ಒಂದು ಸಾಲು, ಅದಕ್ಕೆ ಅಡ್ಡವಾಗಿ ಇನ್ನೊಂದು ಸಾಲು ಗುರುತಿಸಿ. ದಡದಿಂದ 10, 50, 100, 250, 500 ಮೀಟರ್ ದೂರದಲ್ಲಿ ತಾಣಗಳಿರಲಿ. ದಡದ ಬಳಿ ಒತ್ತಾಗಿ, ನಡುವೆ ವಿರಳವಾಗಿ ಇಡುವುದು ಏಕೆಂದರೆ ಹಾರಿ ಹಾರಿ ಬರುವ ಮರಳು ದಡದಿಂದ ದೂರವಾದಂತೆ ಬೇಗ ಕಡಿಮೆಯಾಗುತ್ತದೆ. ಹೋರ್ ಮತ್ತು ಫ್ರಿಕ್ಸೆಲ್ ನಡುವೆ ಕೆನಡಾ ಹಿಮನದಿ ಗೋಡೆಯಂತೆ ಅಡ್ಡ ನಿಂತಿದೆ. ಅದರ ಎರಡು ಬದಿಯ ಅಳತೆಗಳನ್ನು ಒಂದೇ ಸರಾಸರಿಗೆ ಸೇರಿಸಬೇಡಿ.

ನಿಮ್ಮ ಬೂಟೇ ದೊಡ್ಡ ಶತ್ರು. ದಡದ ಮರಳು ಅಂಗಾಲಿಗೆ ಅಂಟಿ ಮಂಜಿಗೆ ಬರುತ್ತದೆ. ಮಂಜು ಹತ್ತುವಲ್ಲಿ ಒಂದು ಬ್ರಷ್ ಇಡಿ, ಪ್ರತಿಸಲ ಉಜ್ಜಿ ಹತ್ತಿ. ತಾಣವನ್ನು ಸದಾ ಗಾಳಿ ಹೋಗುವ ಬದಿಯಿಂದ ಸಮೀಪಿಸಿ. ಹೆಲಿಕಾಪ್ಟರ್ ಇಳಿದು ಎದ್ದ ಧೂಳು ಒಂದು ಋತುವಿನ ಲೆಕ್ಕವನ್ನೇ ಕೆಡಿಸಬಲ್ಲದು, ಆದ್ದರಿಂದ ಇಳಿಯುವ ಜಾಗವೂ ತಾಣಗಳಿಂದ ಗಾಳಿ ಹೋಗುವ ಬದಿಯಲ್ಲೇ ಇರಲಿ.

ಧೂಳಿನ ಬೋನು

ದುಬಾರಿ ಉಪಕರಣ ಬೇಡ. ನಡುವೆ ಕೊಳವೆಯಿರುವ ಬಳೆಯಾಕಾರದ ಕೇಕ್ ಅಚ್ಚು ಸಾಕು. ಮರುಭೂಮಿಯ ಧೂಳು ಅಳೆಯುವವರು ಇದನ್ನೇ ಬಳಸುತ್ತಾರೆ. ಅಚ್ಚಿನೊಳಗೆ ಅಂಚಿನಿಂದ 3 ಸೆಂ.ಮೀ ಕೆಳಗೆ 6 ಮಿ.ಮೀ ಕಣ್ಣಿನ ಸ್ಟೀಲ್ ಜಾಲರಿ ಕೂರಿಸಿ. ಅದರ ಮೇಲೆ ಗಾಜಿನ ಗೋಲಿಗಳನ್ನು ಎರಡು ಪದರ ತುಂಬಿ. ಬಿದ್ದ ಧೂಳು ಗೋಲಿಗಳ ಸಂದಿಯಲ್ಲಿ ಇಳಿದು ಗಾಳಿಗೆ ಮತ್ತೆ ಏಳದಂತೆ ಉಳಿಯುತ್ತದೆ. ಗೋಲಿ ಇಲ್ಲದ ಅಚ್ಚನ್ನು ಮೊದಲ ಬಿರುಗಾಳಿಯೇ ಗುಡಿಸಿಬಿಡುತ್ತದೆ.

ನಡುವಿನ ಕೊಳವೆಯಲ್ಲಿ ಬಿದಿರಿನ ಗಳು ಅಥವಾ ಬಿಳಿ ಪಿವಿಸಿ ಪೈಪು ತೂರಿಸಿ ಬಿಗಿಯಿರಿ. ಕಬ್ಬಿಣದ ಕಂಬ ಬೇಡವೇ ಬೇಡ: ಅದು ಬಿಸಿಲು ಹೀರಿ ತನ್ನ ಸುತ್ತ ಮಂಜು ಕರಗಿಸಿಕೊಂಡು ವಾಲುತ್ತದೆ. ಗಳುವನ್ನು ಕನಿಷ್ಠ 1.5 ಮೀಟರ್ ಆಳಕ್ಕೆ ಇಳಿಸಿ, ಸಂದಿಗೆ ಮಂಜಿನ ಪುಡಿ ತುಂಬಿ, ನೀರು ಹನಿಸಿ ಹೆಪ್ಪುಗಟ್ಟಿಸಿ. ಒಂದು ತಾಣಕ್ಕೆ ಎರಡು ಬೋನು: ಒಂದು ಮಂಜಿನಿಂದ 30 ಸೆಂ.ಮೀ ಎತ್ತರದಲ್ಲಿ, ಇನ್ನೊಂದು 1 ಮೀಟರ್ ಎತ್ತರದಲ್ಲಿ. ಕೆಳಗಿನದು ಕುಪ್ಪಳಿಸುತ್ತ ಬರುವ ಮರಳನ್ನೂ ಹಿಡಿಯುತ್ತದೆ. ಮೇಲಿನದಕ್ಕೆ ಸಿಗುವುದು ಹೆಚ್ಚಾಗಿ ಗಾಳಿಯಲ್ಲಿ ತೇಲಿ ಬಂದ ನುಣುಪು.

ಮಂಜು ಸವೆದಂತೆ ಬೋನಿನ ಎತ್ತರ ತಾನಾಗಿ ಹೆಚ್ಚುತ್ತದೆ. 30 ಸೆಂ.ಮೀ ಎತ್ತರಕ್ಕಿಟ್ಟದ್ದು ವರ್ಷದ ಕೊನೆಗೆ 60ಕ್ಕೆ ಬಂದಿರಬಹುದು. ಹೋದಾಗೆಲ್ಲ ಬೋನಿನ ಅಂಚಿನಿಂದ ಮಂಜಿಗೆ ನಾಲ್ಕು ಬದಿ ಅಳೆದು ಬರೆದಿಡಿ. ಖರ್ಚಿಲ್ಲದೆ ಸವೆತದ ಅಳತೆಯೂ ಇದರಿಂದ ಸಿಗುತ್ತದೆ.

ಲೆಕ್ಕ ಹೀಗೆ. ಅಚ್ಚಿನ ಬಾಯಿ 25 ಸೆಂ.ಮೀ ವ್ಯಾಸ, ನಡುವಿನ ಕೊಳವೆ 5 ಸೆಂ.ಮೀ ಎಂದಿಟ್ಟುಕೊಳ್ಳಿ. ಕೊಳವೆಯ ಭಾಗ ಕಳೆದರೆ ವಿಸ್ತೀರ್ಣ 0.047 ಚದರ ಮೀಟರ್. ವರ್ಷದಲ್ಲಿ 0.2 ಗ್ರಾಂ ಸಿಕ್ಕಿದ್ದರೆ ಚದರ ಮೀಟರಿಗೆ 4.25 ಗ್ರಾಂ. ಬಿಚ್ಚುವಾಗ ಗೋಲಿ, ಜಾಲರಿ, ಅಚ್ಚು ಮೂರನ್ನೂ ಶುದ್ಧ ನೀರಿನಲ್ಲಿ ತೊಳೆದು ಆ ನೀರನ್ನೆಲ್ಲ ಸೋಸಬೇಕು. ಒಣ ಬ್ರಷ್ಷಿನಿಂದ ಗುಡಿಸಿದರೆ ನುಣುಪು ಕೈತಪ್ಪುತ್ತದೆ.

ಕೋರ್ ತೆಗೆಯುವುದು

9 ಸೆಂ.ಮೀ ವ್ಯಾಸದ ಕೋರ್ ಬೈರಿಗೆ ಅನುಕೂಲ. ಮರಳಿರುವ ಮಂಜು ಅಲಗನ್ನು ಬೇಗ ಮೊಂಡು ಮಾಡುತ್ತದೆ, ಹೆಚ್ಚುವರಿ ಅಲಗು ಮೂರು ಜೊತೆಯಾದರೂ ಇರಲಿ. ಮಂಜಿನ ಪುಡಿ ಬಿಳಿಯಿಂದ ಬೂದಿಗೆ ತಿರುಗಿತೆಂದರೆ ಪದರ ಬಂತೆಂದು ಅರ್ಥ. ಅಲ್ಲಿ ಒತ್ತದೆ, ನಿಧಾನಕ್ಕೆ ತಿರುಗಿಸಿ. ಬೈರಿಗೆಯನ್ನು ತೂತಿನೊಳಗೆ ನಿಲ್ಲಿಸಿ ಮಾತಿಗೆ ನಿಲ್ಲಬೇಡಿ. ಎಲ್ಲಿಂದಲೋ ಒಸರಿದ ನೀರು ಬೈರಿಗೆಯನ್ನು ಗೋಡೆಗೆ ಹೆಪ್ಪುಗಟ್ಟಿಸಿಬಿಡುತ್ತದೆ. ಬಿಡಿಸಲು ಮಂಜು ಕರಗಿಸುವ ರಾಸಾಯನಿಕವಾದ ಗ್ಲೈಕಾಲ್ ಸುರಿಯುವಂತಿಲ್ಲ.

1. ಸಿಕ್ಕ ತುಂಡುಗಳನ್ನು ಕ್ರಮವಾಗಿ ಬಿಳಿ ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟು ಮೇಲು ತುದಿ ಯಾವುದೆಂದು ಗುರುತು ಹಾಕಿ. ಸ್ಕೇಲಿಟ್ಟು ಫೋಟೊ ತೆಗೆಯಿರಿ. ಗುಳ್ಳೆ, ಬಿರುಕು, ಮರಳಿನ ಗೆರೆ ಎಲ್ಲಿವೆ ಎಂದು ಬರೆಯಿರಿ.

2. 10 ಸೆಂ.ಮೀ ಬಿಲ್ಲೆಗಳಾಗಿ ಸ್ಟೀಲ್ ಗರಗಸದಿಂದ ಕತ್ತರಿಸಿ, ಒಂದೊಂದನ್ನೂ ಬೇರೆ ಚೀಲಕ್ಕೆ ಹಾಕಿ. ಪದರವಿರುವಲ್ಲಿ 5 ಸೆಂ.ಮೀ ಸಾಕು. ರಾಸಾಯನಿಕ ವಿಶ್ಲೇಷಣೆಗಾದರೆ ಹೊರಮೈಯನ್ನು 3 ಮಿ.ಮೀ ಹೆರೆದು ತೆಗೆಯಿರಿ. ತೂಕಕ್ಕಾದರೆ ಹೆರೆಯಬೇಡಿ, ಮರಳು ಉದುರಿಹೋಗುತ್ತದೆ. ಎರಡೂ ಬೇಕಿದ್ದರೆ ಎರಡು ಕೋರ್ ತೆಗೆಯುವುದೇ ಸರಿ.

3. ಚೀಲದಲ್ಲೇ, ಕತ್ತಲಲ್ಲಿ, 4 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಲು ಬಿಡಿ. ಒಲೆಯ ಮೇಲೆ ಕಾಯಿಸಿದರೆ ಜೀವಕೋಶಗಳು ಸಾಯುತ್ತವೆ.

4. 63 ಮೈಕ್ರಾನ್ ಜರಡಿಯಲ್ಲಿ ಮರಳು ಬೇರ್ಪಡಿಸಿ. ಕೆಳಗಿಳಿದ ನೀರನ್ನು ಮೊದಲೇ ತೂಗಿಟ್ಟ 47 ಮಿ.ಮೀ ಗ್ಲಾಸ್ ಫೈಬರ್ ಫಿಲ್ಟರಿನಲ್ಲಿ ಸೋಸಿ. ಕೊನೆಗೆ 50 ಮಿ.ಲೀ ಶುದ್ಧ ನೀರು ಹಾಯಿಸಿ. ಇದನ್ನು ಬಿಟ್ಟರೆ ಫಿಲ್ಟರಿನಲ್ಲುಳಿದ ಲವಣ ಒಣಗಿ ಧೂಳಿನ ತೂಕಕ್ಕೆ ಸೇರುತ್ತದೆ.

5. 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ತಾಗದಂತೆ ಮುಚ್ಚಿಡುವ ಪಾತ್ರೆ) ಆರಿಸಿ, 0.1 ಮಿ.ಗ್ರಾಂ ನಿಖರತೆಯ ತಕ್ಕಡಿಯಲ್ಲಿ ತೂಗಿ. ಆಮೇಲೆ 550 ಡಿಗ್ರಿಯಲ್ಲಿ 4 ಗಂಟೆ ಸುಟ್ಟು ಮತ್ತೆ ತೂಗಿದರೆ ಕಡಿಮೆಯಾದದ್ದು ಸಾವಯವ ಅಂಶ. ಜೇಡಿಯ ಖನಿಜಗಳೊಳಗಿನ ನೀರೂ ಈ ಶಾಖಕ್ಕೆ ಹೋಗುವುದರಿಂದ ಈ ಅಂಕಿ ಸ್ವಲ್ಪ ಹೆಚ್ಚೇ ಬರುತ್ತದೆ.

9 ಸೆಂ.ಮೀ ಕೋರಿನ ಅಡ್ಡಕೊಯ್ತದ ವಿಸ್ತೀರ್ಣ 0.00636 ಚದರ ಮೀಟರ್. 10 ಸೆಂ.ಮೀ ಬಿಲ್ಲೆ ಕರಗಿದರೆ ಸುಮಾರು 570 ಮಿ.ಲೀ ನೀರು. ಅದರಲ್ಲಿ 0.5 ಗ್ರಾಂ ಮರಳಿದ್ದರೆ ಚದರ ಮೀಟರಿಗೆ 79 ಗ್ರಾಂ. ಆದರೆ ಮಂಜಿನೊಳಗೆ ಮರಳು ಚಾಪೆಯಂತೆ ಹಾಸಿರುವುದಿಲ್ಲ, ಅಲ್ಲಲ್ಲಿ ಮುದ್ದೆಯಾಗಿ ಕೂತಿರುತ್ತದೆ. ಒಂದು ಮಾರು ಪಕ್ಕದಲ್ಲೇ ಹತ್ತುಪಟ್ಟು ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ. ಒಂದು ತಾಣಕ್ಕೆ ಐದು ಕೋರ್, ತೀರ ಆಗದಿದ್ದರೆ ಮೂರು. ಒಂದೇ ಕೋರಿನ ಅಂಕಿಯನ್ನು ಸರೋವರದ ಅಂಕಿ ಎಂದು ಬರೆಯುವುದು ಓದುಗರಿಗೆ ಮಾಡುವ ಮೋಸ.

ತೂತು ತಳದ ನೀರಿಗೆ ತಲುಪಿದಾಗ ನೀರು ಮೇಲೇರಿ, ಮಂಜಿನ ದಪ್ಪದ ಹನ್ನೆರಡನೇ ಒಂದು ಭಾಗದಷ್ಟು ಕೆಳಗೆ ನಿಲ್ಲುತ್ತದೆ. 4 ಮೀಟರ್ ಮಂಜಾದರೆ ಮೇಲಿನಿಂದ 33 ಸೆಂ.ಮೀ ಸುಮಾರಿಗೆ. ಬೇಸಿಗೆಯಲ್ಲಿ 2 ಮೀಟರ್ ಆಳದ ಪದರದಿಂದಲೂ ತೂತಿಗೆ ನೀರು ನುಗ್ಗುತ್ತದೆ. ಅದನ್ನು ಕಂಡು ತಳ ಮುಟ್ಟಿತೆಂದು ದಪ್ಪ ಬರೆದುಬಿಡಬೇಡಿ. ತುದಿಗೆ ಕೊಕ್ಕೆಯಿರುವ ಅಳತೆಪಟ್ಟಿ ಇಳಿಸಿ, ಮಂಜಿನ ಅಡಿಮೈಗೆ ಕೊಕ್ಕೆ ಸಿಕ್ಕಿದ ಮೇಲಷ್ಟೇ ಬರೆಯಿರಿ.

ಖಾಲಿ ಪರೀಕ್ಷೆ ಮರೆಯಬಾರದು. 500 ಮಿ.ಲೀ ಶುದ್ಧ ನೀರನ್ನು ಅದೇ ಚೀಲ, ಅದೇ ಜರಡಿ, ಅದೇ ಫಿಲ್ಟರಿನಲ್ಲಿ ಹಾಯಿಸಿ ತೂಗಿ. ಹತ್ತು ಮಾದರಿಗೆ ಒಂದರಂತಾದರೂ ಇರಲಿ.

ಮಂಜಿನಡಿಯ ಬೆಳಕು

ಈ ಸರೋವರಗಳಲ್ಲಿ ದ್ಯುತಿಸಂಶ್ಲೇಷಣೆಗೆ ಬೇಕಾದ ಬೆಳಕಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಕೆಲವೇ ಪಾಲು ಮಂಜು ದಾಟಿ ನೀರಿಗೆ ಇಳಿಯುತ್ತದೆ. ಮರಳು ಕಡಿಮೆಯಿರುವ, ಗಾಜಿನಂತೆ ತಿಳಿಯಾದ ಮಂಜಿನ, ಪಕ್ಕದ ರೈಟ್ ಕಣಿವೆಯ ವಾಂಡಾ ಸರೋವರದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ತಳದಲ್ಲಿ ಹಾಸಿರುವ ಸಯನೋಬ್ಯಾಕ್ಟೀರಿಯಾ ಚಾಪೆಗಳು ಈ ಚೂರು ಬೆಳಕಿನಲ್ಲೇ ಬದುಕಬೇಕು.

ಗೋಳಾಕಾರದ ಪಿಎಆರ್ ಸೆನ್ಸರನ್ನು (ದ್ಯುತಿಸಂಶ್ಲೇಷಣೆಗೆ ಬೇಕಾದ ಬೆಳಕನ್ನು ಅಳೆಯುವಂಥದು) ತೂತಿನಿಂದ ನೇರ ಇಳಿಸಿದರೆ ತೂತಿನಿಂದಲೇ ಸುರಿಯುವ ಬೆಳಕನ್ನು ಅಳೆದಂತಾಗುತ್ತದೆ. ಮಡಚುವ ತೋಳಿಗೆ ಕಟ್ಟಿ, ಇಳಿಸಿದ ಮೇಲೆ ತೋಳು ಬಿಚ್ಚಿ, ತೂತಿನಿಂದ 1.5 ಮೀಟರ್ ಪಕ್ಕಕ್ಕೆ ಸರಿಸಿ. ತೂತನ್ನು ಬಿಳಿ ಹಲಗೆಯಿಂದ ಮುಚ್ಚಿ ಮೇಲೆ ಮಂಜಿನ ಪುಡಿ ಹರಡಿ. ಅದೇ ಹೊತ್ತಿಗೆ ಮೇಲೆ ಇನ್ನೊಂದು ಸೆನ್ಸರ್ ಓಡುತ್ತಿರಬೇಕು. ಮೋಡ ಸರಿದರೆ ಅನುಪಾತವೇ ಬದಲಾಗುತ್ತದೆ.

ಮೇಲೆ 1000, 4 ಮೀಟರ್ ಮಂಜಿನಡಿ 20 ಬಂದರೆ ದಾಟಿದ್ದು ಶೇ 2. 1000ವನ್ನು 20ರಿಂದ ಭಾಗಿಸಿದರೆ 50; 50ರ ಸ್ವಾಭಾವಿಕ ಲಾಗರಿದಮ್ 3.91, ಅದನ್ನು 4ರಿಂದ ಭಾಗಿಸಿದರೆ ಮೀಟರಿಗೆ 0.98 ಎಂಬ ಕ್ಷೀಣತೆಯ ಗುಣಾಂಕ. ಮೇಲ್ಮೈಯಿಂದ ಪ್ರತಿಫಲಿಸಿ ಹೋದ ಬೆಳಕೂ ಇದರಲ್ಲಿ ಸೇರಿದೆ, ಆದ್ದರಿಂದ ಪೂರ್ತಿ ಧೂಳಿನ ತಲೆಗೆ ಕಟ್ಟಬೇಡಿ. ಬಿಳಿ ಗುಳ್ಳೆಗಳು ತುಂಬಿದ ಮಂಜು ಧೂಳಿಲ್ಲದೆಯೂ ಬೆಳಕು ತಡೆಯುತ್ತದೆ. ಕೋರಿನ ಫೋಟೊ ಪಕ್ಕದಲ್ಲಿಟ್ಟುಕೊಂಡೇ ಈ ಅಂಕಿ ಓದಬೇಕು.

ಪ್ರತಿಫಲನ ಅಳೆಯಲು ಒಂದು ಮೇಲ್ಮುಖ, ಒಂದು ಕೆಳಮುಖ ಪೈರನೋಮೀಟರ್ (ಬಿಸಿಲಿನ ಶಕ್ತಿ ಅಳೆಯುವ ಉಪಕರಣ) ಅನ್ನು 1 ಮೀಟರ್ ಎತ್ತರದಲ್ಲಿ ಮಟ್ಟಸವಾಗಿ ಕಟ್ಟಿ. ಸೂರ್ಯ ತೀರ ಕೆಳಗಿರುವಾಗ ಪ್ರತಿಫಲನ ಏರುತ್ತದೆ. ದಿನದಿನದ ಹೋಲಿಕೆಗೆ ಸೌರ ಮಧ್ಯಾಹ್ನದ ಆಚೀಚೆ ಎರಡು ಗಂಟೆಯ ಅಳತೆಯನ್ನೇ ಬಳಸಿ.

ಇದರಿಂದ ಕರಗುವಿಕೆಯ ಅಂದಾಜನ್ನೂ ಹಾಕಬಹುದು. ಡಿಸೆಂಬರಿನ ಒಳ್ಳೆಯ ಬಿಸಿಲಲ್ಲಿ ದಿನದ ಸರಾಸರಿ ಚದರ ಮೀಟರಿಗೆ 300 ವಾಟ್ ಎಂದುಕೊಳ್ಳೋಣ. ಧೂಳಿನಿಂದ ಪ್ರತಿಫಲನ 0.60ರಿಂದ 0.50ಕ್ಕೆ ಇಳಿದರೆ ದಿನಕ್ಕೆ 2.6 ಮೆಗಾಜೂಲ್ ಹೆಚ್ಚಿಗೆ ಮಂಜಿಗೆ ಸೇರುತ್ತದೆ. ಒಂದು ಕಿಲೊ ಮಂಜು ಕರಗಲು 0.334 ಮೆಗಾಜೂಲ್ ಬೇಕು. ಅಂದರೆ ಸುಮಾರು 7.8 ಕಿಲೊ, ದಪ್ಪದಲ್ಲಿ 8.5 ಮಿ.ಮೀ. ಇದು ಗರಿಷ್ಠ ಮಿತಿ. ಮಂಜು ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದರೆ ಮೊದಲು ಅದನ್ನು ಬಿಸಿಮಾಡಲು ಶಾಖ ಹೋಗುತ್ತದೆ, ಗಾಳಿಯೂ ತನ್ನ ಪಾಲು ಕಸಿಯುತ್ತದೆ.

ಮಂಜಿನ ಮೇಲೆ ನಡೆಯುವಾಗ

4 ಮೀಟರ್ ಮಂಜು ಮುರಿಯುವ ಭಯವಿಲ್ಲ. ಅಪಾಯವಿರುವುದು ದಡದಂಚಿನ ಕರಗಿದ ಪಟ್ಟಿಯಲ್ಲಿ ಮತ್ತು ಧೂಳು ಕೊರೆದು ಮಾಡಿದ ಮುಚ್ಚಿಗೆಯ ಗುಂಡಿಗಳಲ್ಲಿ. ಜನವರಿಯಲ್ಲಿ ಮೇಲ್ಪದರ ತೆಳ್ಳಗಾಗಿ ಅಡಿಯಲ್ಲಿ ಮೊಣಕಾಲುದ್ದದ ನೀರಿರುತ್ತದೆ. ಕಾಲು ಒಳಹೋದರೆ ಮಂಜಿನ ಚೂಪು ಅಂಚು ಮೂಳೆಯನ್ನೇ ಮುರಿಯಬಲ್ಲದು. ಕೋಲಿನಿಂದ ಕುಟ್ಟಿ ನೋಡುತ್ತ ನಡೆಯಿರಿ, ಅಂಚಿನ ಪಟ್ಟಿಗೆ ಹಲಗೆ ಹಾಕಿ, ಒಬ್ಬರೇ ಹೋಗಬೇಡಿ.

ಬೇರೆ ಸರೋವರಗಳಿಗೆ ಹೊಂದಿಸುವಾಗ

ಭಾರತದ ಮೈತ್ರಿ ನಿಲ್ದಾಣವಿರುವ ಶಿರ್ಮಾಕರ್ ಓಯಸಿಸ್‌ನಲ್ಲಿ ಬಹುಪಾಲು ಸರೋವರಗಳ ಮಂಜು ಬೇಸಿಗೆಯಲ್ಲಿ ಕರಗುತ್ತದೆ. ಅಲ್ಲಿ 2 ಮೀಟರ್ ಆಳದ ಹಳೆಯ ಪದರವನ್ನು ಹುಡುಕಬೇಡಿ. ಚಳಿಗಾಲದಲ್ಲಿ ಮಂಜಿನ ಮೇಲೆ ಬಿದ್ದದ್ದೆಲ್ಲ ಕೆಲವೇ ವಾರಗಳಲ್ಲಿ ಒಟ್ಟಿಗೆ ನೀರಿಗೆ ಇಳಿಯುತ್ತದೆ. ಮಾದರಿಯನ್ನು ಕರಗುವ ಮುನ್ನವೇ ತೆಗೆಯಬೇಕು. ಮೈತ್ರಿಗೆ ನೀರು ಕೊಡುವ ಪ್ರಿಯದರ್ಶಿನಿ ಸರೋವರದಂತೆ ನಿಲ್ದಾಣದ ಪಕ್ಕದಲ್ಲೇ ಇರುವ ಕಡೆ ಫಿಲ್ಟರನ್ನು ಸೂಕ್ಷ್ಮದರ್ಶಕದಡಿ ನೋಡುವುದು ಕಡ್ಡಾಯ: ಜನರೇಟರ್ ಮತ್ತು ವಾಹನಗಳ ಮಸಿ, ತೂಕಕ್ಕೆ ತೂಕ ಹಿಡಿದರೆ, ಕಲ್ಲಿನ ಧೂಳಿಗಿಂತ ಎಷ್ಟೋ ಹೆಚ್ಚು ಬಿಸಿಲು ಹೀರುತ್ತದೆ. ತೂಕದಲ್ಲಿ ಕಾಣದ ಮಸಿ ಪ್ರತಿಫಲನದಲ್ಲಿ ಕಾಣುತ್ತದೆ.

ಗ್ರೀನ್‌ಲ್ಯಾಂಡಿನ ಕಾಂಗರ್ಲುಸುವಾಕ್ ಸುತ್ತಲೂ ಇದೇ ಋತುಮಾನದ ಮಂಜು. ಹಿಮನದಿಯ ನೀರು ಹರಡಿಹೋದ ಬಯಲುಗಳಿಂದ ಅಲ್ಲಿ ನುಣುಪು ಧೂಳು ಏಳುತ್ತದೆ. ಜೊತೆಗೆ ಮಂಜಿನ ಮೇಲೆ ಹಿಮವೂ ಕೂರುವುದರಿಂದ ಹಿಮದ ಪದರಗಳನ್ನು ಬೇರೆಯಾಗಿ, ಮಂಜನ್ನು ಬೇರೆಯಾಗಿ ಸೋಸಿ. ಅಲ್ಲಿ ಧೂಳಿನ ಜೊತೆ ಬರುವ ರಂಜಕ, ಕಬ್ಬಿಣಗಳ ಲೆಕ್ಕವೂ ಬೇಕಾಗುತ್ತದೆ. ಅದಕ್ಕೆ ತೆಗೆದಿಡುವ ಬಿಲ್ಲೆಗಳಿಗೆ ಸ್ಟೀಲ್ ಗರಗಸ ತಾಗಿಸಬೇಡಿ. ಹೊರಮೈಯನ್ನು ಸೆರಾಮಿಕ್ ಚಾಕುವಿನಿಂದ ಹೆರೆದು, ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿಗೆ ಹಾಕಿ.